ಹನ್ನೊಂದು ತಿಂಗಳ ಮಣ್ಣು

ಅನಕಾಪಲ್ಲಿಯ ಬೆಲ್ಲದ ಮಾರುಕಟ್ಟೆಗೆ ಮೊದಲ ಸಲ ಹೋದಾಗ ನನಗೆ ಮಹಾಲಿಂಗಪುರ ನೆನಪಾಯಿತು. ಅದೇ ಸಿಹಿ ಘಾಟು, ಅದೇ ನೊಣ, ಪೆಂಟೆಗಳ ಮುಂದೆ ಅದೇ ಗಡಿಬಿಡಿ. ನಾನು ಹೋಗಿದ್ದು ತಿನ್ನುವ ಬೆಲ್ಲಕ್ಕಲ್ಲ. ನನ್ನ ಹರಕು ತೆಲುಗಿನಲ್ಲಿ, ಕಪ್ಪಗಿರುವುದು, ಯಾರಿಗೂ ಬೇಡವಾದದ್ದು ಇದ್ದರೆ ಕೊಡಿ, ಹತ್ತು ಕೆಜಿ ಸಾಕು ಅಂದೆ. ಅಂಗಡಿಯವ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಬ್ಯಾಂಕಿನ ಗುರುತಿನ ಚೀಟಿ. "ಕಾಯಿಸಲಿಕ್ಕಾ?" ಅಂತ ಮೆಲ್ಲಗೆ ಕೇಳಿದ. ಈ ಸೀಮೆಯಲ್ಲಿ ಕರಿಬೆಲ್ಲ ಕೇಳುವವನು ಕಳ್ಳಭಟ್ಟಿ ಇಳಿಸುವವನೇ ಇರಬೇಕು ಎಂಬುದು ಪೊಲೀಸರ ಅನುಮಾನ, ವ್ಯಾಪಾರಿಗಳ ಭಯ. ಹೊಲಕ್ಕೆ, ಜೀವಾಮೃತ ಮಾಡಲಿಕ್ಕೆ ಅಂದ ಮೇಲೆ ಅವನ ಮುಖ ಸಡಿಲವಾಯಿತು. ಯಾವ ಊರ ಹೊಲ, ಎಷ್ಟು ಎಕರೆ ಎಂದೆಲ್ಲ ಕೇಳಿದ. ಹೊಲ ನನ್ನದಲ್ಲ ಎಂದು ಹೇಳಲು ನಾಚಿಕೆಯಾಗಿ ಎರಡೆಕರೆ ಅಂತಷ್ಟೇ ಹೇಳಿದೆ.

ನಾವು ಬಾಗಲಕೋಟೆ ಕಡೆಯವರು, ಮುಳುಗಡೆಯವರು. ಆಲಮಟ್ಟಿಯ ಹಿನ್ನೀರು ಬಂದಾಗ ಹೊಳೆದಂಡೆಯ ನಮ್ಮ ಎರೆ ಹೊಲ ಒಳಗೆ ಹೋಯಿತು. ಪರಿಹಾರದ ದುಡ್ಡಿನಲ್ಲಿ ಅಪ್ಪ ಪುನರ್ವಸತಿ ಕೇಂದ್ರದ ಹತ್ತಿರ ನಾಲ್ಕೆಕರೆ ಮಸಾರಿ ಕೊಂಡ, ನನ್ನನ್ನು ಓದಿಸಿದ. ನಾನು ಬ್ಯಾಂಕ್ ಪರೀಕ್ಷೆ ಬರೆದು 2017ರಲ್ಲಿ ವಿಜಯವಾಡಕ್ಕೆ ಬಂದು ಬಿದ್ದೆ. ಬಂದ ಮೊದಲ ವಾರ ಸಂಜೆ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತು ಅಪ್ಪನಿಗೆ ಫೋನು ಮಾಡಿದ್ದು ಚೆನ್ನಾಗಿ ನೆನಪಿದೆ. "ನಮ್ಮ ಹೊಲದ ಮ್ಯಾಲಿನ ನೀರು ಇಲ್ಲಿಗೆ ಬಂದೈತಿ ಯಪ್ಪಾ" ಅಂದೆ. ಆಲಮಟ್ಟಿಯಿಂದ ನಾರಾಯಣಪುರ, ಜುರಾಲ, ಶ್ರೀಶೈಲ, ನಾಗಾರ್ಜುನಸಾಗರ, ಪುಲಿಚಿಂತಲ. ಇಷ್ಟು ಕಡೆ ನಿಂತು ನಿಂತು ಬಂದ ನೀರು ಇಲ್ಲಿ ಊರ ನಡುವೆಯೇ ಮೂರು ಕಾಲುವೆಗಳಾಗಿ ಒಡೆದು ಹೋಗುತ್ತದೆ. ಅಪ್ಪ ಒಂದು ಗಳಿಗೆ ಸುಮ್ಮನಿದ್ದು, "ಅಲ್ಲಿಯವರರ ಚಲೋತ್ನಂಗ ಉಣ್ತಾರಿಲ್ಲೋ?" ಅಂದ.

ಉಣ್ಣುತ್ತಿದ್ದರು. ಆದರೆ ಬೆಳೆಯುತ್ತಿದ್ದವರು ಬೇರೆ. ನನಗೆ ಸಿಕ್ಕಿದ್ದು ಬೆಳೆ ಸಾಲದ ಮೇಜು. ಡೆಲ್ಟಾದಲ್ಲಿ ಪಹಣಿಯ ಹೆಸರು ಒಬ್ಬರದು, ಕೆಸರಿನಲ್ಲಿ ನಿಂತ ಕಾಲು ಇನ್ನೊಬ್ಬರದು. ಒಡೆಯರು ಹೈದರಾಬಾದಿನಲ್ಲಿ, ಅಮೆರಿಕದಲ್ಲಿ, ಕನಿಷ್ಠ ವಿಜಯವಾಡದ ಅಪಾರ್ಟ್‌ಮೆಂಟಿನಲ್ಲಿ. ಉಳುವವರನ್ನು ಇಲ್ಲಿ ಕೌಲು ರೈತು ಅನ್ನುತ್ತಾರೆ. ನಮ್ಮ ಕಡೆಯ ಲಾವಣಿದಾರ. ಸಾಲಕ್ಕೆ ಕಾಗದ ಬೇಕು, ಕಾಗದಕ್ಕೆ ಒಡೆಯನ ಸಹಿ ಬೇಕು, ಸಹಿ ಹಾಕಿದರೆ ನಾಳೆ ಹೊಲವೇ ಹೋದೀತು ಎಂದು ಒಡೆಯನಿಗೆ ಹೆದರಿಕೆ. 2019ರಲ್ಲಿ ಆಂಧ್ರ ಸರ್ಕಾರ ಬೆಳೆ ಸಾಗುವಳಿದಾರರ ಹಕ್ಕಿನ ಕಾಯಿದೆ ತಂದಿತು. ಹನ್ನೊಂದು ತಿಂಗಳಿಗೆ ಒಪ್ಪಂದ, ಅದರ ಮೇಲೊಂದು ಕಾರ್ಡು, ಭೂಮಿಯ ಹಕ್ಕಿಗೆ ಏನೂ ಧಕ್ಕೆಯಿಲ್ಲ ಎಂಬ ಭರವಸೆ. ಆದರೂ ಸಹಿ ಬೇಕೇ ಬೇಕು. ಕಾರ್ಡು ಇಲ್ಲದೆ ಬಂದ ಎಷ್ಟೋ ಮಂದಿಯನ್ನು ನಾನು "ಮುಂದಿನ ವಾರ ಬನ್ನಿ" ಅಂತ ಕಳಿಸಿದ್ದೇನೆ. ಮುಂದಿನ ವಾರ ಏನೂ ಬದಲಾಗುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಸಾಲದ ಪರಿಶೀಲನೆಗೆ ಅಂತ ಕಂಕಿಪಾಡು ಕಡೆಯ ಹಳ್ಳಿಗಳಿಗೆ ಹೋದಾಗ ನೈಸರ್ಗಿಕ ಕೃಷಿಯ ಹೆಸರು ಕೇಳಿದ್ದು. ಹಳ್ಳಿಯ ಮಹಿಳಾ ಸಂಘದವರು ಮರದ ಕೆಳಗೆ ಕೂತು ಸೊಪ್ಪು ಜಜ್ಜಿ ಕಷಾಯ ಮಾಡುತ್ತಿದ್ದರು. ಸರ್ಕಾರವೇ ಕಟ್ಟಿದ ರೈತು ಸಾಧಿಕಾರ ಸಂಸ್ಥೆ ಎಂಬುದೊಂದಿದೆ, ನಿವೃತ್ತ ಐಎಎಸ್ ಅಧಿಕಾರಿ ಟಿ. ವಿಜಯಕುಮಾರ್ ಅದರ ಹಿಂದಿದ್ದಾರೆ, ಸುಭಾಷ್ ಪಾಳೇಕರ್ ಅವರ ಪದ್ಧತಿಯನ್ನು ಹಿಡಿದು 2016ರಿಂದ ಊರೂರಿಗೆ ಕಲಿಸುತ್ತಿದ್ದಾರೆ ಎಂದು ತಿಳಿಯಿತು. ಆಗ ನನಗೆ ಅದು ಇನ್ನೊಂದು ಯೋಜನೆ ಅನ್ನಿಸಿತ್ತು ಅಷ್ಟೆ. ತಮಾಷೆಯೆಂದರೆ ಇದು ಆಂಧ್ರಕ್ಕಿಂತ ಮೊದಲೇ ನಮ್ಮಲ್ಲಿ ಬೆಳೆದದ್ದು. ಈ ಶತಮಾನದ ಆರಂಭದಲ್ಲೇ ರೈತ ಸಂಘದವರು ಪಾಳೇಕರರನ್ನು ಕರೆಸಿ ಶಿಬಿರ ಮಾಡಿಸಿದ್ದರು. ಪ್ರೊಫೆಸರ್ ನಂಜುಂಡಸ್ವಾಮಿಯವರು ಕನಸು ಕಂಡ ಚಾಮರಾಜನಗರದ ಅಮೃತ ಭೂಮಿಯಲ್ಲಿ ಇಂದಿಗೂ ಹೊಸಬರಿಗೆ ಬೇಸಾಯ ಕಲಿಸುತ್ತಾರೆ. ದೊಡ್ಡಬಳ್ಳಾಪುರದ ನಾರಾಯಣ ರೆಡ್ಡಿಯವರ ತೋಟಕ್ಕೆ ಕಲಿಯಲು ಹೋದವರಿಗೆ ಲೆಕ್ಕವಿಲ್ಲ. ತೇಜಸ್ವಿ ಫುಕುವೋಕಾನ ಸಹಜ ಕೃಷಿಯ ಬಗ್ಗೆ ಬರೆದ ಪುಸ್ತಕ ಕಾಲೇಜಿನಲ್ಲಿ ನನ್ನ ದಿಂಬಿನ ಕೆಳಗೇ ಇತ್ತು. ಓದಿದ್ದೆ, ಮೆಚ್ಚಿದ್ದೆ, ಬ್ಯಾಂಕ್ ಪರೀಕ್ಷೆಗೆ ಕೂತಿದ್ದೆ. ಕನ್ನಡದಲ್ಲಿ ಕೈಗೆಟಕುವಂತಿದ್ದದ್ದನ್ನು ನಾನು ಕಲಿತದ್ದು ತೆಲುಗಿನಲ್ಲಿ, ಮೂವತ್ತು ದಾಟಿದ ಮೇಲೆ.

2021ರಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಯಿತು. ನಮ್ಮ ಅಪಾರ್ಟ್‌ಮೆಂಟಿನ ಮಹಡಿಯಲ್ಲಿ ಕುಂಡಗಳಲ್ಲಿ ಟೊಮ್ಯಾಟೊ ಬೆಳೆಸುತ್ತಿದ್ದ ನಾಲ್ಕೈದು ಮಂದಿ ಸೇರಿ ಆನಂದಪುರಂ ದಾಟಿ ಪದ್ಮನಾಭಂ ಕಡೆ ಎರಡೆಕರೆ ಗುತ್ತಿಗೆಗೆ ಹಿಡಿಯುವ ಮಾತಾಯಿತು. ಒಬ್ಬ ಸಾಫ್ಟ್‌ವೇರಿನವನು, ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರು, ಎಂಜಿನಿಯರಿಂಗ್ ಓದುತ್ತಿದ್ದ ಇಬ್ಬರು ಹುಡುಗರು, ಒಬ್ಬ ಟೀಚರಮ್ಮ, ನಮ್ಮ ವಾಚ್‌ಮನ್‌ನ ಹೆಂಡತಿ, ನಾನು, ನನ್ನ ಹೆಂಡತಿ. ಎಂಟು ಮಂದಿ. ವಾಚ್‌ಮನ್‌ನ ಹೆಂಡತಿಯೊಬ್ಬಳನ್ನು ಬಿಟ್ಟರೆ ಉಳಿದ ಯಾರಿಗೂ ಕುಡಗೋಲು ಹಿಡಿಯಲು ಬರುತ್ತಿರಲಿಲ್ಲ. ನಾನು ರೈತನ ಮಗ ಎಂಬ ಹಮ್ಮಿನಲ್ಲಿದ್ದೆ, ಒಂದೇ ಭಾನುವಾರದಲ್ಲಿ ಇಳಿಯಿತು. ಹೊಲದ ಒಡೆಯರು ಹೈದರಾಬಾದಿನಲ್ಲಿದ್ದರು. ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳಿಗೆ ಬರೆದುಕೊಟ್ಟರು. ಮುಗಿದ ಮೇಲೆ ಮತ್ತೆ ಹನ್ನೊಂದು ತಿಂಗಳು.

ನಮಗೆ ಕಲಿಸಲು ಒಪ್ಪಿದವರು ಪಕ್ಕದ ಹಳ್ಳಿಯ ಒಬ್ಬ ಅಕ್ಕ. ಸಂಘದಲ್ಲಿ ಕಲಿತು ಬೇರೆ ಹಳ್ಳಿಗಳಿಗೆ ಹೋಗಿ ಕಲಿಸಿ ಬಂದವರು. ಆಂಧ್ರದ ಈ ಕೆಲಸದ ಜೀವಾಳ ಇದೇ ಅಂತ ನನಗನ್ನಿಸುತ್ತದೆ. ರೈತರಿಗೆ ಅಧಿಕಾರಿ ಕಲಿಸುವುದಿಲ್ಲ, ಮೊದಲು ಮಾಡಿ ನೋಡಿದ ರೈತರೇ ಕಲಿಸುತ್ತಾರೆ, ಅವರಲ್ಲಿ ಹೆಂಗಸರೇ ಮುಂದೆ. ಅಕ್ಕನಿಗೆ ಇದ್ದದ್ದು ಮೂವತ್ತು ಸೆಂಟು, ನಮ್ಮ ಲೆಕ್ಕದಲ್ಲಿ ಹನ್ನೆರಡು ಗುಂಟೆ. ಮೊದಲೆರಡು ವಾರ ನನ್ನನ್ನು ಸಾರ್ ಅನ್ನುತ್ತಿದ್ದರು. ಮೂರನೆಯ ವಾರ ಡ್ರಮ್ಮಿನ ಪ್ರಕರಣವಾಯಿತು. ಅಂದಿನಿಂದ ನಾನು ತಮ್ಮುಡು.

ಎರಡು ನೂರು ಲೀಟರ್ ನೀರು, ಹತ್ತು ಕೆಜಿ ಹಸಿ ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಎರಡು ಕೆಜಿ ಬೆಲ್ಲ, ಎರಡು ಕೆಜಿ ಕಡಲೆಯದೋ ಹುರುಳಿಯದೋ ಹಿಟ್ಟು, ಬದುವಿನ ಮೇಲಿನ ಒಂದು ಹಿಡಿ ಮಣ್ಣು. ಇದು ಒಂದೆಕರೆಗೆ ಸಾಕಾಗುವ ಜೀವಾಮೃತ. ನೆರಳಿನಲ್ಲಿಟ್ಟು ದಿನಕ್ಕೆರಡು ಸಲ ಕೋಲಿನಿಂದ ತಿರುವಬೇಕು, ಎರಡು ದಿನಕ್ಕೆ ಹದವಾಗುತ್ತದೆ. ಮೇಲೆ ಗೋಣಿತಾಟು ಮುಚ್ಚಿದರೆ ಸಾಕು. ಆದರೆ ನಮ್ಮ ಸಾಫ್ಟ್‌ವೇರಿನವನಿಗೆ ನೊಣ ಕಂಡರಾಗದು. ಪ್ಲಾಸ್ಟಿಕ್ ಡ್ರಮ್ಮಿಗೆ ಮುಚ್ಚಳ ಬಿಗಿದು, ಮೇಲೆ ಕಬ್ಬಿಣದ ಪಟ್ಟಿಯನ್ನೂ ಹಾಕಿ ಹೋದ. ವೈಜಾಗಿನ ಮೇ ತಿಂಗಳ ಸೆಕೆ. ಎರಡನೆಯ ದಿನ ನಾನು ಪಟ್ಟಿ ತೆಗೆದೆ. ಮುಚ್ಚಳ ನನ್ನ ಕಿವಿಯ ಪಕ್ಕದಿಂದ ಹಾರಿತು, ಉಳಿದದ್ದು ಅಂಗಿಯ ಮೇಲೆ. ಅಕ್ಕ ಬದುವಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಳಗಿರುವುದು ಉಸಿರಾಡುತ್ತದೆ ತಮ್ಮುಡು, ಸಡಿಲ ಬಿಡಬೇಕು ಅಂದರು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಊರು ಮುಟ್ಟುವವರೆಗೆ ಖಾಲಿಯಿತ್ತು.

ಅಕ್ಕನ ಪಾಠದಲ್ಲಿ ನನಗೆ ನಂಬಲು ಕಷ್ಟವಾದದ್ದು ಮಳೆಗೆ ಮುಂಚಿನ ಒಣ ಬಿತ್ತನೆ. ನೆಲ ವರ್ಷದ 365 ದಿನವೂ ಹಸಿರಾಗಿರಬೇಕು, ಖಾಲಿ ಬಿಟ್ಟರೆ ಸಾಯುತ್ತದೆ ಎಂಬುದು ಅವರ ಪಟ್ಟು. ಅದಕ್ಕೆ ಮೇ ತಿಂಗಳಲ್ಲೇ, ಒಂದು ಹನಿ ನೀರಿಲ್ಲದ ನೆಲದಲ್ಲಿ ಸಜ್ಜೆ, ಜೋಳ, ರಾಗಿ, ಹೆಸರು, ಉದ್ದು, ಅಲಸಂದೆ, ತೊಗರಿ, ಎಳ್ಳು, ಸೆಣಬು, ಹೀಗೆ ಸಿಕ್ಕಿದ್ದನ್ನೆಲ್ಲ ಬೆರೆಸಿ ಚೆಲ್ಲುವುದು. ಬೀಜಕ್ಕೆ ಮೊದಲು ಜೀವಾಮೃತ ಚಿಮುಕಿಸಿ, ಜೇಡಿಮಣ್ಣು, ಬೂದಿ, ಪುಡಿಮಾಡಿದ ಘನ ಜೀವಾಮೃತದಲ್ಲಿ ಹೊರಳಾಡಿಸಿ ಉಂಡೆಯಂತೆ ಮಾಡುತ್ತಾರೆ. ಇರುವೆ ಹೊರುವುದಿಲ್ಲ, ಹಕ್ಕಿ ಹೆಕ್ಕುವುದಿಲ್ಲ. ಮೇಲೆ ಹುಲ್ಲಿನ ಹೊದಿಕೆ. ಬೆಳಗಿನ ಇಬ್ಬನಿ, ಸಮುದ್ರದ ಕಡೆಯ ತೇವದ ಗಾಳಿ, ನಡುವೆ ಒಂದೋ ಎರಡೋ ಅಡ್ಡಮಳೆ ಇಷ್ಟರಲ್ಲೇ ಮೊಳೆಯಬೇಕು. ಮೊದಲ ವರ್ಷ ಅರ್ಧಕ್ಕರ್ಧ ಮೊಳೆಯಲಿಲ್ಲ, ಹೊದಿಕೆ ತೆಳ್ಳಗಾಗಿತ್ತು. ಎರಡನೆಯ ವರ್ಷ ಜೂನಿನಲ್ಲಿ ಸುತ್ತಲ ಹೊಲಗಳೆಲ್ಲ ಕೆಂಪಗೆ ಬಾಯಿ ತೆರೆದಿದ್ದಾಗ ನಮ್ಮದೊಂದು ತುಂಡು ಮೊಣಕಾಲಷ್ಟು ಹಸಿರಾಗಿ ನಿಂತಿತ್ತು. ಪಕ್ಕದ ಹೊಲದವರು ಅದಕ್ಕೆ ಮೇಕೆ ಬಿಟ್ಟದ್ದು ಬೇರೆ ಕತೆ.

ಎಲ್ಲವೂ ಅದ್ಭುತ ಅಂತ ಹೇಳಲಾರೆ. ಎಲ್ಲ ಗೊಬ್ಬರ ಬಿಟ್ಟು ಇದೊಂದನ್ನೇ ನಂಬಿ ಎಂದು ಬಡ ರೈತನಿಗೆ ಹೇಳುವ ಧೈರ್ಯ ನನಗೆ ಇಂದಿಗೂ ಇಲ್ಲ. 2019ರ ಬಜೆಟ್ಟಿನಲ್ಲಿ ಶೂನ್ಯ ಬಂಡವಾಳ ಕೃಷಿಯ ಮಾತು ಬಂದಾಗ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿಯವರು ಇದಕ್ಕೆ ಸಾಕಷ್ಟು ಪುರಾವೆಯಿಲ್ಲ ಎಂದು ಖಂಡಿತವಾಗಿ ಹೇಳಿದ್ದರು. 2021ರಲ್ಲಿ ಶ್ರೀಲಂಕಾ ಒಂದೇ ಏಟಿಗೆ ರಸಗೊಬ್ಬರ ನಿಲ್ಲಿಸಿ ಅದೇ ವರ್ಷ ನವೆಂಬರಿನೊಳಗೆ ಹಿಂದೆ ಸರಿದದ್ದನ್ನೂ ಕಂಡೆವು. ಇನ್ನೊಂದು ಕಡೆ, 2024ರಲ್ಲಿ ಆಂಧ್ರದ ಈ ಕಾರ್ಯಕ್ರಮಕ್ಕೆ ಲಿಸ್ಬನ್ನಿನಲ್ಲಿ ಗುಲ್ಬೆಂಕಿಯನ್ ಪ್ರಶಸ್ತಿ ಬಂತು. ಮಣ್ಣು ವಿಜ್ಞಾನಿ ರತ್ತನ್ ಲಾಲ್ ಮತ್ತು ಈಜಿಪ್ಟಿನ ಸೆಕೆಮ್ ಜೊತೆ ಹಂಚಿಕೊಂಡ ಹತ್ತು ಲಕ್ಷ ಯೂರೋ. ಅಕ್ಕನಿಗೆ ಹೇಳಿದೆ. "ನಮ್ಮ ಸಂಘಕ್ಕೆ ಒಂದು ತಕ್ಕಡಿ ಬಂದರೆ ಸಾಕಿತ್ತು" ಅಂದರು.

ನಮ್ಮ ಲೆಕ್ಕವೂ ಬಹಳ ದಿನ ತಕ್ಕಡಿಯ ಮೇಲೆ ನಿಲ್ಲಲಿಲ್ಲ. ಎಂವಿಪಿ ಕಾಲೊನಿಯ ರೈತು ಬಜಾರಿನಲ್ಲಿ ಮಾರೋಣವೆಂದರೆ ಅದು ಕಾರ್ಡಿರುವ ರೈತರಿಗೆ. ಎಂಟು ಮಂದಿಯಲ್ಲಿ ಒಬ್ಬರೂ ರೈತರಲ್ಲ. ಕಾರ್ಡು ಇಲ್ಲ ಅಂತ ನನ್ನನ್ನು ವಾಪಸು ಕಳಿಸಿದಾಗ ಕಂಕಿಪಾಡಿನ ಮುಖಗಳು ಒಂದೊಂದಾಗಿ ನೆನಪಾದವು. ಕೊನೆಗೆ ಅಪಾರ್ಟ್‌ಮೆಂಟಿನ ಲಿಫ್ಟಿನ ಪಕ್ಕ ಒಂದು ಮೇಜು ಹಾಕಿದೆವು. ಬೆಂಡೆ, ಬದನೆ ಹೇಗೋ ಹೋಗುತ್ತಿದ್ದವು. ಗೋಂಗೂರ ಮಾತ್ರ ಬಂದ ಹತ್ತು ನಿಮಿಷಕ್ಕೆ ಖಾಲಿ. ಅದು ಜಗತ್ತಿನಲ್ಲಿ ತಮಗೊಬ್ಬರಿಗೇ ಗೊತ್ತಿರುವ ಸೊಪ್ಪು ಎಂದು ಆಂಧ್ರದವರ ನಂಬಿಕೆ. ನಮ್ಮವ್ವ ನುಚ್ಚು ಹಾಕಿ ಮಾಡುವ ಪುಂಡಿ ಪಲ್ಯವನ್ನು ಒಮ್ಮೆ ಡಬ್ಬಿಯಲ್ಲಿ ಒಯ್ದು ಹೊಲದಲ್ಲಿ ಎಲ್ಲರಿಗೂ ಬಡಿಸಿದೆ, ಜೋಳದ ರೊಟ್ಟಿಯ ಜೊತೆ. ಬಂದರಿನ ಹಿರಿಯರು ಎರಡು ಸಲ ಹಾಕಿಸಿಕೊಂಡು, ಪರವಾಗಿಲ್ಲ, ಆದರೆ ಇದು ಗೋಂಗೂರ ಅಲ್ಲ ಅಂದರು.

ಊರಿನಿಂದ ಅಪ್ಪನ ಫೋನು ಬರುತ್ತಿತ್ತು. "ಯಾಕೋ ತಮ್ಮಾ, ಅಲ್ಲಿ ಮಂದಿ ಹೊಲದಾಗ ಸಗಣಿ ಕಲಸಾಕ ಹತ್ತೀಯಂತ? ಇಲ್ಲಿ ನಿನ್ನ ಹೊಲ ಹೆಂಗೈತಿ ಅಂತ ಒಂದಿನಾನೂ ಕೇಳವಲ್ಲಿ." ನಾನು ನಕ್ಕು ಬಿಡುತ್ತಿದ್ದೆ. ಅಪ್ಪನಿಗೆ ಮೊಣಕಾಲು ನೋವು, ಹೊಲ ಲಾವಣಿಗೆ ಹಾಕಿ ಹತ್ತು ವರ್ಷದ ಮೇಲಾಗಿತ್ತು. ಕಬ್ಬು. ಕಾರ್ಖಾನೆಯ ಬಿಲ್ಲು ಬಂದಾಗ ಲಾವಣಿದಾರ ದುಡ್ಡು ತಂದುಕೊಡುತ್ತಿದ್ದ, ಅಪ್ಪ ನನಗೆ ಫೋನಿನಲ್ಲಿ ಹೇಳುತ್ತಿದ್ದ, ನಾನು ಹೂಂ ಅನ್ನುತ್ತಿದ್ದೆ.

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಾಪಟ್ಲದ ಹತ್ತಿರ ದಡ ಹತ್ತಿತು. ನಮ್ಮಿಂದ ಅದು ದೂರ, ಆದರೂ ಇಲ್ಲೂ ಮಳೆ ಬಿಡದೆ ಹೊಡೆಯಿತು. ಟೊಮ್ಯಾಟೊ ಪೂರಾ ಹೋಯಿತು. ಮಳೆ ನಿಂತ ಮರುದಿನ ಹೋಗಿ ನೋಡಿದರೆ ಪಕ್ಕದ ಹೊಲದಲ್ಲಿ ಕೆರೆಯಂತೆ ನೀರು ನಿಂತಿದೆ, ನಮ್ಮದರಲ್ಲಿ ಕಾಲಿಟ್ಟರೆ ಮೆತ್ತಗೆ ಒತ್ತುತ್ತದೆ, ನೀರಿಲ್ಲ. ಅಕ್ಕ ಒಂದು ಹಿಡಿ ಮಣ್ಣೆತ್ತಿ ಮುಷ್ಟಿಯಲ್ಲಿ ಹಿಂಡಿ ಬಿಟ್ಟರು. ಉಂಡೆಯಾಗದೆ ಉದುರಿತು. ಒಳಗೆ ಎರಡು ಎರೆಹುಳು. ಮೊದಲ ವರ್ಷ ಇದೇ ಜಾಗದಲ್ಲಿ ಗುದ್ದಲಿ ಎಗರಿ ನನ್ನ ಮೊಣಕೈ ಜುಮ್ಮೆಂದಿತ್ತು. "ಇನ್ನು ಎರಡು ವರ್ಷ. ಆಮೇಲೆ ಇದೇ ನಿಮ್ಮನ್ನು ನೋಡಿಕೊಳ್ಳುತ್ತದೆ" ಅಂದರು.

ಫೆಬ್ರವರಿಯಲ್ಲಿ ಒಡೆಯರ ಫೋನು ಬಂತು. ಪಕ್ಕದ ಸರ್ವೆ ನಂಬರಿನಲ್ಲಿ ಲೇಔಟ್ ಆಗುತ್ತಿದೆ, ಒಳ್ಳೆಯ ಬೆಲೆ ಬಂದಿದೆ, ಈ ಸಲ ಕಾಗದ ಮುಂದುವರಿಸುವುದಿಲ್ಲ. ತುಂಬ ಮರ್ಯಾದೆಯಿಂದಲೇ ಮಾತಾಡಿದರು, ನಿಂತ ಬೆಳೆ ತೆಗೆದುಕೊಂಡು ಹೋಗಿ ಅಂದರು. ಅವರು ಮಾಡಿದ್ದರಲ್ಲಿ ಕಾಯಿದೆಯ ತಪ್ಪು ಒಂದೂ ಇಲ್ಲ. ನನಗೆ ಮಾತ್ರ ಮೈ ಉರಿಯಿತು. ಆ ಭಾನುವಾರ ಹೊಲದಲ್ಲಿ ಕೂಗಾಡಿದೆ. ಮಣ್ಣು ಹದಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕು, ಕಾಗದ ಹನ್ನೊಂದು ತಿಂಗಳದ್ದು, ಇದರಲ್ಲಿ ಯಾರು ತಾನೇ ಮಣ್ಣು ಮಾಡುತ್ತಾರೆ, ಯೂರಿಯಾ ಸುರಿದು ಸಿಕ್ಕಷ್ಟು ಬಾಚಿಕೊಂಡು ಹೋಗುವುದೇ ಸರಿ, ಹೀಗೆ. ಹುಡುಗರು ಹೌದು ಹೌದು ಅಂದರು. ಅಕ್ಕ ಪುಂಡಿಯ ಕಟ್ಟುಗಳನ್ನು ಬಾಳೆ ನಾರಿನಲ್ಲಿ ಕಟ್ಟುತ್ತಿದ್ದವರು ತಲೆಯೆತ್ತದೆ ಕೇಳಿದರು: "ಊರಲ್ಲಿ ನಿಮ್ಮ ಹೊಲ ಯಾರು ಮಾಡುತ್ತಾರೆ ತಮ್ಮುಡು?"

"ಕೌಲಿಗೆ ಕೊಟ್ಟಿದ್ದೇವೆ."

"ಎಷ್ಟು ವರ್ಷಕ್ಕೆ?"

"ವರ್ಷ ವರ್ಷಕ್ಕೆ" ಅಂದೆ.

ಅವರು ಏನೂ ಹೇಳಲಿಲ್ಲ. ಕಟ್ಟಿದ ಕಟ್ಟನ್ನು ಬುಟ್ಟಿಗೆ ಹಾಕಿ ಇನ್ನೊಂದಕ್ಕೆ ಕೈ ಹಾಕಿದರು. ಅದು ಕೆಣಕುವ ಪ್ರಶ್ನೆಯೂ ಆಗಿರಲಿಲ್ಲ, ಸುಮ್ಮನೆ ಕೇಳಿದ್ದರು. ನನಗೆ ಅಂದು ಮನೆಗೆ ಬಂದರೂ ಊಟ ಸೇರಲಿಲ್ಲ.

ಮೇ ತಿಂಗಳಲ್ಲಿ ರಜೆ ಹಾಕಿ ಊರಿಗೆ ಹೋದೆ, ಚೀಲದಲ್ಲಿ ಮೂರು ಕೆಜಿ ನವಧಾನ್ಯ ಬೀಜದ ಜೊತೆ. ಅಪ್ಪನ ಹತ್ತಿರ ಮೂರು ದಿನ ಮಾತಾಡಿದೆ. ಅಪ್ಪನ ಹೆದರಿಕೆ ಸುಳ್ಳಲ್ಲ. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಸೈನಿಕರಂಥ ಕೆಲವರನ್ನು ಬಿಟ್ಟರೆ ಲಾವಣಿ ಕೊಡುವಂತೆಯೇ ಇಲ್ಲ. ಊರೂರಲ್ಲಿ ನಡೆಯುವುದೆಲ್ಲ ಬಾಯಿಮಾತಿನ ಮೇಲೆ. ಅಂದು ಉಳುವವನಿಗೆ ನೆಲ ಕೊಡಿಸಿದ ಕಾಯಿದೆಯ ನೆನಪು ಇಂದು ಉಳುವವನಿಗೆ ಒಂದು ಸಾಲು ಕಾಗದವೂ ಸಿಗದಂತೆ ಮಾಡಿದೆ. ಮೇಲಾಗಿ ಆಲಮಟ್ಟಿ. 519.60 ಮೀಟರಿಗೆ ನಿಂತಿರುವ ನೀರು 524.256ಕ್ಕೆ ಏರಲಿದೆ ಎಂದು 2010ರ ನ್ಯಾಯಾಧಿಕರಣದ ತೀರ್ಪು ಬಂದಾಗಿನಿಂದ ನಮ್ಮ ಕಡೆ ಎಲ್ಲರಿಗೂ ಅದೇ ಚಿಂತೆ. "ನಾಳೆ ಇದೂ ಮುಳುಗೂದೈತೋ ಏನೋ. ಪರಿಹಾರ ಬರೂ ಹೊತ್ತಿನ್ಯಾಗ ಅಂವ ಕಾಗದ ಹಿಡ್ಕೊಂಡು ಬಂದ್ರ ಏನ್ ಮಾಡ್ತಿ?" ಅಂದ ಅಪ್ಪ. ಒಮ್ಮೆ ಹೊಲ ಕಳೆದುಕೊಂಡವನ ಮಾತು. ನನ್ನಲ್ಲಿ ಉತ್ತರವಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊಲಕ್ಕೆ ಹೋದೆ. ಲಾವಣಿದಾರ ಕುಳೆ ಕಬ್ಬಿಗೆ ನೀರು ತಿರುವುತ್ತಿದ್ದ. ನನಗಿಂತ ಹತ್ತು ವರ್ಷ ದೊಡ್ಡವನಿರಬೇಕು. ಇಷ್ಟು ವರ್ಷದಲ್ಲಿ ಅವನ ಜೊತೆ ನಾನು ಕೂತು ಮಾತಾಡಿದ್ದು ಅದೇ ಮೊದಲು. ಹೊಲದ ಮೂಲೆಯ ಒಂದೆಕರೆ ಕಬ್ಬು ತೆಗೆದು ಹೀಗೆ ಹೀಗೆ ಮಾಡೋಣ, ಬೀಜ ನಾನು ಕೊಡ್ತೀನಿ, ಮೊದಲ ಎರಡು ವರ್ಷ ಆ ಎಕರೆಗೆ ಲಾವಣಿ ಬೇಡ ಅಂದೆ. ಜೀವಾಮೃತ ಅವನಿಗೆ ಹೊಸದೇನಲ್ಲ, ಯಾರದೋ ಮೊಬೈಲಿನಲ್ಲಿ ನೋಡಿದ್ದ. ಬೇರೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಸಲಿಕೆ ಊರಿ ನಿಂತು, "ಮಾಡೂಣ್ರೀ ಸಾವ್ಕಾರ್ರ. ಎಷ್ಟ ವರ್ಷಕ್ಕ ಬಿಡ್ತೀರಿ?" ಅಂದ.

ನನ್ನನ್ನು ಯಾರೂ ಅದುವರೆಗೆ ಸಾವ್ಕಾರ ಅಂದಿರಲಿಲ್ಲ.

ನಾನು ಐದು ಅಂದೆ. ಅಪ್ಪ ಕೆಮ್ಮಿದ, ಮೂರು ಅಂದ. ಮನೆಗೆ ಬಂದು ನನ್ನ ಮಗಳ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಅಪ್ಪನೇ ಬರೆದ. ಮೂರು ವರ್ಷ, ಒಂದೆಕರೆ, ಇಬ್ಬರ ಸಹಿ. ಕೋರ್ಟಿನಲ್ಲಿ ಆ ಹಾಳೆಗೆ ಮೂರು ಕಾಸಿನ ಬೆಲೆಯಿಲ್ಲ ಎಂದು ಬ್ಯಾಂಕಿನವನಾದ ನನಗೆ ಗೊತ್ತು. ಉಳಿದ ಮೂರೆಕರೆ ಇನ್ನೂ ವರ್ಷ ವರ್ಷಕ್ಕೇ ಇದೆ, ಕಬ್ಬೇ ಇದೆ.

ಪದ್ಮನಾಭಂ ದಾರಿಯ ನಮ್ಮ ಎರಡೆಕರೆಯಲ್ಲಿ ಈಗ ಹಳದಿ ಬಣ್ಣದ ಗಡಿಕಲ್ಲುಗಳು ನಿಂತಿವೆ. ಬಿಟ್ಟು ಬರುವ ಮುನ್ನ ಹುಡುಗರು ಮೇಲ್ಮಣ್ಣನ್ನು ಹದಿನಾಲ್ಕು ಚೀಲ ತುಂಬಿ ಆಟೋದಲ್ಲಿ ಅಕ್ಕನ ಹೊಲಕ್ಕೆ ಸಾಗಿಸಿದರು. ಹುಚ್ಚು ಕೆಲಸ ಅಂತ ಅಕ್ಕ ಬೈದರು, ಆದರೆ ಚೀಲ ಬಿಚ್ಚಿ ಬದನೆ ಸಾಲಿಗೆ ಹರಡಿದವರೂ ಅವರೇ. ಭಾನುವಾರದ ಪಾಠ ಈಗ ಅವರ ಮೂವತ್ತು ಸೆಂಟಿನಲ್ಲಿ ನಡೆಯುತ್ತದೆ. ಈ ಸಲ ಹೊಸದಾಗಿ ಐವರು ಬಂದಿದ್ದಾರೆ, ಎಂಟರಲ್ಲಿ ಉಳಿದವರು ಐವರು. ವಾಚ್‌ಮನ್‌ನ ಹೆಂಡತಿ ಶ್ರೀಕಾಕುಳಂ ಕಡೆಯ ತನ್ನ ಊರಿಗೆ ವಾಪಸು ಹೋಗಿ ಅಣ್ಣನ ಹೊಲದಲ್ಲಿ ಶುರುಮಾಡಿದ್ದಾಳೆ. ಕಲಿತು ನಿಜವಾಗಿ ರೈತಳಾದವಳು ನಮ್ಮಲ್ಲಿ ಅವಳೊಬ್ಬಳೇ.

ಮೊನ್ನೆ ಮೀಟಿಂಗಿನಲ್ಲಿದ್ದಾಗ ಅಪ್ಪನ ಫೋನು ಎರಡು ಸಲ ಬಂತು. ಏನೋ ಆಯಿತೆಂದು ಗಾಬರಿಯಾಗಿ ಹೊರಗೆ ಬಂದು ಎತ್ತಿದೆ. ಹಿಂದೆ ಲಾವಣಿದಾರನ ದನಿ, ಬಕೀಟಿನ ಸದ್ದು.

"ಏ ತಮ್ಮಾ, ಇದರ ಮುಚ್ಚಳ ಬಿಗೀ ಹಾಕೂದೋ, ಸಡಲ ಬಿಡೂದೋ?"